ಹಳೆ ಜೀಪಿನ ತಗಡು ಉಳಿಸಿಕೊಂಡಿದ್ದು

ನಮ್ಮ ಮನೆಯ ಜೀಪು 1968ರದ್ದು. ಮಹೀಂದ್ರ ಸಿಜೆ-3ಬಿ, ಪೆಟ್ರೋಲ್ ಎಂಜಿನ್. ಹೈ ಬಾನೆಟ್ ಜೀಪು ಅಂದರೆ ನಮ್ಮ ಕಡೆ ಹಳಬರಿಗೆಲ್ಲ ಗೊತ್ತು. ಶಿರಸಿ ಹತ್ತಿರದ ಅಡಿಕೆ ತೋಟದ ಕೆಲಸಕ್ಕೆ ಅಂತ ದೊಡ್ಡಪ್ಪ ತಂದಿದ್ದರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರಲ್ಲಿ. ಇದು ಅದಕ್ಕೂ ಮುಂಚಿನ ಗಾಡಿ. ಹಾಗಾಗಿ ನಂಬರು ಈಗಿನ ಕೆಎ 31 ಅಲ್ಲ, ಎಂವೈ ಅಂತ ಶುರುವಾಗುತ್ತದೆ. ಆ ಪ್ಲೇಟ್ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಕೆಲಸಕ್ಕೆ ಅಂತ ನಾನು ಕಾರವಾರಕ್ಕೆ ಬಂದೆ. ಆಮೇಲೆ ಜೀಪೂ ಘಟ್ಟ ಇಳಿಯಿತು. ಇಲ್ಲಿ ವರ್ಷವಿಡೀ ಉಪ್ಪು ಗಾಳಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಏನೂ ಒಣಗುವುದಿಲ್ಲ. ಹೋದ ಮಳೆ ಮುಗಿಯುವ ಹೊತ್ತಿಗೆ ಡ್ರೈವರ್ ಸೀಟಿನ ಕೆಳಗಿನ ತಗಡು ಬೆರಳು ಒತ್ತಿದರೆ ಕುಸಿಯುತ್ತಿತ್ತು. ಈ ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಕೂರುವುದೇ ಆ ಸೀಟಿನ ಕೆಳಗೆ. ಇನ್ನು ಮುಂದೂಡುವ ಹಾಗಿರಲಿಲ್ಲ.

ಎಂಜಿನ್ ಬಗ್ಗೆ ಯಾರಿಗೂ ತಕರಾರಿಲ್ಲ. ಅದು ಚೆನ್ನಾಗಿಯೇ ಇದೆ. ಚರ್ಚೆ ಶುರುವಾಗಿದ್ದು ಬಾಡಿ ಬಗ್ಗೆ.

ಮೊದಲು ತೋರಿಸಿದ ಗ್ಯಾರೇಜಿನವರು ಒಂದೇ ಮಾತಿನಲ್ಲಿ ಮುಗಿಸಿದರು. "ಹೊಸ ಬಾಡಿ ತರಿಸಿ. ಇದನ್ನ ಗುಜರಿಗೆ ಹಾಕಿ." ಜೀಪಿನ ಬಾಡಿ ಅಂದರೆ ತಗಡಿನ ಒಂದು ತೊಟ್ಟಿ. ಕೆಳಗಿನ ಚಾಸಿಸ್‌ಗೆ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಅಷ್ಟೇ. ಬೋಲ್ಟ್ ಬಿಚ್ಚಿ, ಹಳೆಯದನ್ನು ಎತ್ತಿ, ಹೊಸದನ್ನು ಇಳಿಸಬಹುದು. ಹರಿಯಾಣದ ಸಿರ್ಸಾ ಜಿಲ್ಲೆಯ ಮಂಡಿ ಡಬ್ವಾಲಿ ಎಂಬ ಊರು ಇದಕ್ಕೇ ಹೆಸರುವಾಸಿ. ಅಲ್ಲಿನ ವರ್ಕ್‌ಶಾಪ್‌ಗಳಲ್ಲಿ ಹೊಸ ತಗಡಿನ ಜೀಪುಗಳು ತಯಾರಾಗಿ ದೇಶದ ಮೂಲೆ ಮೂಲೆಗೆ ಹೋಗುತ್ತವೆ. ಫಿಲಿಪ್ಪೀನ್ಸ್‌ನಲ್ಲೂ ಹಳೆ ವಿಲ್ಲಿಸ್ ಜೀಪಿನ ಬಾಡಿಗಳನ್ನು ಹೊಸದಾಗಿ ಮಾಡಿ ಅಮೆರಿಕಕ್ಕೆ ಕಳಿಸುವ ಕಂಪನಿ ಇದೆ. ದುಡ್ಡಿನ ಲೆಕ್ಕಕ್ಕೆ ಬಂದರೆ ರಿಪೇರಿಗಿಂತ ಹೊಸ ಬಾಡಿಯೇ ಸಲೀಸು. ಇದರಲ್ಲಿ ಸುಳ್ಳೇನೂ ಇಲ್ಲ.

ಅಣ್ಣನ ಮಗನದು ಬೇರೆಯೇ ಹಟ. "ಅಪ್ಪಚ್ಚಿ, ಹೇಗೂ ಬಿಚ್ಚುತ್ತೀರಿ. ಒಂದು ಡೀಸೆಲ್ ಎಂಜಿನ್ ಕೂರಿಸೋಣ. ಅಗಲ ಟೈರ್ ಹಾಕೋಣ. ಹಿಂದೆ ಒಂದಡಿ ಉದ್ದ ಮಾಡಿಸೋಣ. ಪವರ್ ಸ್ಟೀರಿಂಗ್ ಇದ್ದರೆ ಘಟ್ಟದಲ್ಲಿ ಎಷ್ಟು ಆರಾಮ ಗೊತ್ತಾ?" ಹುಡುಗನಿಗೆ ಗಾಡಿ ಅಂದರೆ ಪ್ರಾಣ. ಅವನು ಹೇಳಿದ ಒಂದೊಂದಕ್ಕೂ ಕಾರಣ ಇತ್ತು. ಹಾಗಾಗಿ ಅವನ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ನನ್ನ ಆಸೆ ಮಾತ್ರ ಇದ್ದ ತಗಡನ್ನೇ ಉಳಿಸಿಕೊಳ್ಳಬೇಕು ಅಂತ. ಆದರೆ ಆಸೆ ಇದ್ದರೆ ಸಾಲದು. ಅದು ಆಗುವ ಕೆಲಸವಾ, ಮಾಡುವುದು ಸರಿಯಾ ಅಂತ ನೋಡಬೇಕಲ್ಲ. ಹಾಗಾಗಿ ಓದಲು, ಕೇಳಲು ಶುರುಮಾಡಿದೆ.

ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ ಅಂತ ಆಗ ಗೊತ್ತಾಯಿತು. ಅಮೆರಿಕದಲ್ಲಿ 1932ರ ಫೋರ್ಡ್ ಕಾರನ್ನು ಕತ್ತರಿಸಿ, ತಗ್ಗಿಸಿ, ದೊಡ್ಡ ಎಂಜಿನ್ ಹಾಕಿ ಓಡಿಸುವ ಹುಚ್ಚು ಹಲವು ದಶಕಗಳಿಂದ ಇದೆ. ಕತ್ತರಿಸಿ ಕತ್ತರಿಸಿ, ಮುಟ್ಟದೇ ಉಳಿದ ಅಸಲಿ ಬಾಡಿಗಳು ಅಪರೂಪವಾದವು. ಈಗ ಅಲ್ಲಿ ಓಹಾಯೋ ರಾಜ್ಯದ ಒಂದು ಕಂಪನಿ ಅದೇ ಆಕಾರದ ಬಾಡಿಯನ್ನು ಹೊಸ ಉಕ್ಕಿನಲ್ಲಿ ಮಾಡಿ ಮಾರುತ್ತದೆ. ಫೈಬರ್ ಬಾಡಿಗಳೂ ಸಿಗುತ್ತವೆ. ಬೇಕಾದ ಹಾಗೆ ಕತ್ತರಿಸುವವರು ಹೊಸದನ್ನು ಕತ್ತರಿಸಲಿ, ಅಸಲಿ ತಗಡನ್ನು ಬಿಡಲಿ ಅನ್ನುವುದು ಅಲ್ಲಿನ ಒಂದು ಪಂಗಡದ ವಾದ. ಇನ್ನೊಂದು ಪಂಗಡ ಒಪ್ಪುವುದಿಲ್ಲ. ಹೊಸ ತಗಡು ತಂದು ಹಳೆ ಕಾರು ಅನ್ನುವುದಕ್ಕಿಂತ, ಹಳೆಯದನ್ನೇ ಬದಲಾಯಿಸಿ ರಸ್ತೆ ಮೇಲೆ ಓಡಿಸುವುದು ಮೇಲು ಅಂತ ಅವರು ಹೇಳುತ್ತಾರೆ.

ಬ್ರಿಟನ್ನಿನದು ಇನ್ನೂ ಸ್ವಾರಸ್ಯದ ಕಥೆ. ಎಂಜಿಬಿ ಅನ್ನುವ ಸ್ಪೋರ್ಟ್ಸ್ ಕಾರಿನ ತಯಾರಿಕೆ 1980ರಲ್ಲಿ ನಿಂತುಹೋಗಿತ್ತು. 1988ರಲ್ಲಿ ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು ಅದರ ಬಾಡಿಯನ್ನು ಮತ್ತೆ ಮಾಡತೊಡಗಿದರು. ಅದೇ ಅಚ್ಚು, ಅದೇ ಆಕಾರ. ಆದರೆ ತಗಡು ಹೊಸದು. ಹಾಗಾದರೆ ಅದು ಹಳೆ ಕಾರಾ, ಹೊಸ ಕಾರಾ? ಇಂಥ ಪ್ರಶ್ನೆಗೆ ಅಲ್ಲಿನ ಸರಕಾರ ಬಹಳ ಕಾಲ ಒಂದು ಅಂಕದ ಲೆಕ್ಕ ಇಟ್ಟುಕೊಂಡಿತ್ತು. ಭಾರಿ ಬದಲಾವಣೆ ಮಾಡಿದ ಗಾಡಿ ಹಳೆ ನಂಬರ್ ಉಳಿಸಿಕೊಳ್ಳಲು ಕನಿಷ್ಠ 8 ಅಂಕ ಬೇಕಿತ್ತು. ಚಾಸಿಸ್ ಅಥವಾ ಬಾಡಿ ಶೆಲ್‌ಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್ ವ್ಯವಸ್ಥೆ, ಸ್ಟೀರಿಂಗ್‌ಗೆ ತಲಾ 2. ಎಂಜಿನ್‌ಗೆ ಬರೀ 1. ಗಾಡಿಯ ಜೀವ ಎಂಜಿನ್ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಗಾಡಿ ಯಾವುದು ಅಂತ ತೀರ್ಮಾನಿಸುವಾಗ ಎಂಜಿನ್‌ಗೇ ಎಲ್ಲಕ್ಕಿಂತ ಕಡಿಮೆ ಬೆಲೆ.

ನಮ್ಮ ದೇಶದ ಕಾನೂನು ನೋಡಿದರೆ ಅಣ್ಣನ ಮಗನ ಪಟ್ಟಿಯಲ್ಲಿ ಅರ್ಧ ಅಲ್ಲೇ ಬಿದ್ದುಹೋಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಹೇಳಿದ್ದಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಒಂದಡಿ ಉದ್ದ ಮಾಡುವ ಮಾತು ಅಲ್ಲಿಗೆ ಮುಗಿಯಿತು.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನಿಯಮವನ್ನೇ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ಬದಲಾವಣೆ ಆಗಿರಬಾರದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ನಮ್ಮ ಜೀಪು ಇವತ್ತಿಗೂ ಊರಿಗೆ ಹೋಗಿ ಬರುವ ಗಾಡಿ, ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಕೆಲಸ ಮಾಡುವ ಗಾಡಿ. ಹಾಗಾಗಿ ನಾವು ವಿಂಟೇಜ್ ನೋಂದಣಿ ಕಡೆ ಹೋಗಲಿಲ್ಲ. ಇದ್ದ ಆರ್‌ಸಿಯನ್ನೇ ನವೀಕರಿಸಿಕೊಂಡು ಬರುತ್ತಿದ್ದೇವೆ. ಆದರೂ ಆ ನಿಯಮದಲ್ಲಿ ಚಾಸಿಸ್, ಎಂಜಿನ್ ಜೊತೆ ಬಾಡಿಯನ್ನೂ ಸಮನಾಗಿ ಇಟ್ಟಿದ್ದು ನನಗೆ ಬಹಳ ಹಿಡಿಸಿತು.

ಇಷ್ಟಾದ ಮೇಲೂ ಹೊಸ ಬಾಡಿಯನ್ನು ಕಣ್ಣಾರೆ ನೋಡದೆ ಬೇಡ ಅನ್ನುವುದು ಸರಿಯಲ್ಲ. ಕುಮಟಾ ಕಡೆಯ ಒಬ್ಬರು ತಮ್ಮ ಜೀಪಿಗೆ ಹಾಕಿಸಿದ್ದಾರೆ ಅಂತ ಗೊತ್ತಾಗಿ ಅಣ್ಣನ ಮಗನನ್ನೂ ಕರೆದುಕೊಂಡು ಹೋದೆ. ದೂರದಿಂದ ನೋಡಿದರೆ ಲಕ್ಷಣವಾಗಿತ್ತು. ಟೇಪ್ ಹಿಡಿದಾಗ ವ್ಯತ್ಯಾಸ ತಿಳಿಯತೊಡಗಿತು. ಡ್ಯಾಶ್‌ಬೋರ್ಡಿನ ಅಂಚಿನ ಮಡಿಕೆ ಬೇರೆ. ಟೂಲ್ ಬಾಕ್ಸಿನ ಮುಚ್ಚಳ ಬೇರೆ. ಚಾಸಿಸ್‌ಗೆ ಕೂರುವ ಕೆಲವು ಬೋಲ್ಟಿನ ತೂತುಗಳನ್ನು ಅಗಲ ಮಾಡಿ ಹೊಂದಿಸಿದ್ದರು. ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ. "ನಮ್ದು ಹಳೆ ಬಾಡಿ ಅಂತ ಇರಲೇ ಇಲ್ಲ. ಬರೀ ಚಾಸಿ, ಎಂಜಿನ್ ಸಿಕ್ಕಿತ್ತು. ಇದಲ್ದೆ ಇನ್ನೆಂತ ಮಾಡ್ಲಿ?" ಅಂದರು. ಅವರ ಮಾತು ಪೂರ್ತಿ ಸರಿ. ಹಳೆ ತಗಡೇ ಇಲ್ಲದ ಕಡೆ ಹೊಸ ಬಾಡಿ ಒಂದು ಜೀಪನ್ನು ಬದುಕಿಸುತ್ತದೆ. ನಮ್ಮಲ್ಲಿ ತಗಡು ಇದೆ. ಇರುವುದನ್ನು ಎಸೆದು ಹೊಸದು ತರುವುದೇ ಬೇರೆ ಮಾತು.

ಹೊಸ ಬಾಡಿ ಹಾಕಿ, ಹಳೆಯದನ್ನು ಜೋಪಾನ ಮಾಡಿ ಇಟ್ಟರೆ ಆಗದಾ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಕೇಳಲು ಚೆನ್ನಾಗಿದೆ. ಆದರೆ ಕರಾವಳಿಯಲ್ಲಿ ಅರ್ಧ ತುಕ್ಕು ಹಿಡಿದ ತಗಡನ್ನು ಕೊಟ್ಟಿಗೆಯಲ್ಲಿ ಇಟ್ಟರೆ ಎಷ್ಟು ಮಳೆಗಾಲ ತಡೆದೀತು? ಓಡುವ ಗಾಡಿಯ ಭಾಗವಾಗಿದ್ದರೆ ಮಾತ್ರ ಅದಕ್ಕೆ ಯಾರಾದರೂ ಎಣ್ಣೆ ಹಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ.

ಕೊನೆಗೆ ಅಂಕೋಲೆಯಲ್ಲಿ ಒಬ್ಬ ಹಿರಿಯ ಟಿಂಕರ್ ಕೆಲಸದವರು ಸಿಕ್ಕರು. ಮೇಸ್ತ್ರಿ ಅಂತಲೇ ಎಲ್ಲರೂ ಕರೆಯುವುದು. ಅವರು ಜೀಪಿನ ಸುತ್ತ ಒಂದು ಸುತ್ತು ಬಂದು, ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳಿದರು. ಗಟ್ಟಿ ತಗಡಿನ ಸದ್ದೇ ಬೇರೆ, ತುಕ್ಕು ತಿಂದ ತಗಡಿನದೇ ಬೇರೆ. "ಮೇಲಿಂದೆಲ್ಲ ಗಟ್ಟಿ ಉಂಟು ಭಟ್ರೇ. ಹೋಗಿದ್ದು ತಳ. ಬಿಚ್ಚಿ ನೋಡುವಾ," ಅಂದರು.

ಬಾಡಿ ಎತ್ತಿ ಮಗುಚಿ ಹಾಕಿದ ದಿನ ನನಗೆ ತಿಳಿದಷ್ಟು ವಿಷಯ ಬೇರೆ ಯಾವ ದಿನವೂ ತಿಳಿಯಲಿಲ್ಲ.

ತಳದ ತಗಡಿಗೆ ಬಲ ಕೊಡಲು ಅಡಿಯಲ್ಲಿ ಟೋಪಿಯ ಆಕಾರಕ್ಕೆ ಮಡಿಸಿದ ಪಟ್ಟಿಗಳಿರುತ್ತವೆ. ಅವುಗಳ ಒಳಗೆ ಕೆಸರು ಸೇರಿಕೊಂಡರೆ ಹೊರಗೆ ಬರುವುದಿಲ್ಲ, ಒಣಗುವುದೂ ಇಲ್ಲ. ಅವು ಹೋಗಿರುತ್ತವೆ ಅಂತ ಮೊದಲೇ ಗೊತ್ತಿತ್ತು. ಆಶ್ಚರ್ಯ ಆಗಿದ್ದು ಹಿಂಭಾಗ ನೋಡಿ. ಹಿಂದಿನ ತಳದ ಒಂದು ಮೂಲೆ ಮಾತ್ರ ಜರಡಿಯಾಗಿತ್ತು. ಅದರ ಸುತ್ತ ಮಸುಕು ನೀಲಿ, ಹಸಿರು ಕಲೆ. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದು ನನ್ನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅದು ಮೈಲುತುತ್ತ.

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ದೊಡ್ಡಪ್ಪನ ಕಾಲದಲ್ಲಿ ಮೈಲುತುತ್ತದ ಚೀಲ, ಡ್ರಮ್ಮು, ಪಂಪು ಎಲ್ಲ ಈ ಜೀಪಿನ ಹಿಂದೆಯೇ ಹೋಗುತ್ತಿದ್ದವು. ಮೈಲುತುತ್ತ ಅಂದರೆ ತಾಮ್ರದ ಲವಣ. ಅದರ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಹಾಗೆ ಕೂತ ತಾಮ್ರ ಅಕ್ಕಪಕ್ಕದ ಕಬ್ಬಿಣಕ್ಕೂ ತುಕ್ಕು ಬೇಗ ಹಿಡಿಸುತ್ತದೆ. ನಮ್ಮ ಜೀಪಿನ ಆ ಮೂಲೆಯನ್ನು ತಿಂದಿದ್ದು ಕಾರವಾರದ ಸಮುದ್ರ ಅಲ್ಲ, ನಮ್ಮದೇ ತೋಟದ ಔಷಧಿ. ಪಕ್ಕದಲ್ಲೇ ನಾಲ್ಕು ಹೆಚ್ಚುವರಿ ತೂತುಗಳಿದ್ದವು, ಕಂಪನಿಯವರು ಹಾಕಿದ್ದಲ್ಲ. ಪಂಪನ್ನು ಕಟ್ಟಲು ದೊಡ್ಡಪ್ಪ ಕೊರೆಸಿದ್ದು ಅಂತ ಆಯಿ ನೆನಪು ಮಾಡಿಕೊಂಡು ಹೇಳಿದರು.

ಇದನ್ನೆಲ್ಲ ಗುಜರಿಗೆ ಹಾಕಿ ಹರಿಯಾಣದಿಂದ ತಗಡು ತರಿಸಿದ್ದರೆ ಓಡಿಸಲು ಜೀಪೇನೋ ಇರುತ್ತಿತ್ತು. ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ಇಷ್ಟು ವರ್ಷ ದುಡಿದ ಈ ಜೀಪು ಇರುತ್ತಿರಲಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾರು ಎಷ್ಟು ವಾದ ಮಾಡಿದರೂ ಇದನ್ನು ಬಿಡಲಾರೆ.

ಇನ್ನು ಕೆಲಸದ ವಿಷಯ. ಒಳ್ಳೆಯ ಜಾಗದಿಂದ ಒಂದು ಚೂರು ಕತ್ತರಿಸಿ ಅಳೆದಾಗ 18 ಗೇಜ್ ಬಂತು. ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಅದೇ ದಪ್ಪದ ತಗಡು ತರಿಸಿದೆವು. ದಪ್ಪ ಜಾಸ್ತಿ ಇದ್ದರೆ ಗಟ್ಟಿ ಅಂತ ಅಂಗಡಿಯವರು 16 ಗೇಜ್ ಕೊಡಲು ನೋಡಿದರು, ಮೇಸ್ತ್ರಿ ಒಪ್ಪಲಿಲ್ಲ. ಎರಡು ಬೇರೆ ದಪ್ಪದ ತಗಡು ಸೇರಿಸಿದರೆ ತೆಳುವಿನದು ಬೇಗ ಕಾದು ತೂತು ಬೀಳುತ್ತದೆ.

ತೇಪೆ ಹಾಕುವುದರಲ್ಲಿ ಎರಡು ದಾರಿ. ಹಳೆ ತಗಡಿನ ಮೇಲೆ ಹೊಸದನ್ನು ಹೊದಿಸಿ ಅಂಚಿಗೆ ವೆಲ್ಡ್ ಮಾಡುವುದು ಸುಲಭ. ಬಹಳ ಕಡೆ ಮಾಡುವುದೂ ಅದೇ. ಆದರೆ ಎರಡು ತಗಡಿನ ಮಧ್ಯೆ ನೀರು ಹೊಕ್ಕರೆ ಮತ್ತೆ ಹೊರಗೆ ಬರುವುದಿಲ್ಲ. "ಒದ್ದೆ ಅಂಗಿ ಮೇಲೆ ಕಂಬಳಿ ಹೊದ್ದಂಗೆ," ಅಂದರು ಮೇಸ್ತ್ರಿ. ಅವರು ಮಾಡಿದ್ದು ಎರಡನೆಯ ದಾರಿ. ಕೊಳೆತ ಭಾಗವನ್ನು ಒಳ್ಳೆ ತಗಡು ಸಿಗುವ ತನಕ ಕತ್ತರಿಸಿದರು. ಆ ಕಿಂಡಿಗೆ ಸರಿಯಾಗಿ ಹೊಸ ತುಂಡು ಕತ್ತರಿಸಿ, ಅಂಚಿಗೆ ಅಂಚು ತಾಗಿಸಿದರು. ಸಿಒ2 ವೆಲ್ಡಿಂಗ್‌ನಲ್ಲಿ ಒಂದು ಚುಕ್ಕೆ ಇಲ್ಲಿ, ಒಂದು ಚುಕ್ಕೆ ಅಲ್ಲಿ. ಒಂದೇ ಕಡೆ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಉಬ್ಬುತ್ತದೆ. ಪ್ರತಿ ಚುಕ್ಕೆ ತಣಿಯುವ ತನಕ ಕಾಯಬೇಕು, ಕೆಳಗೆ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಹಿಡಿದು ಮೇಲಿಂದ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಬೇಕು, ಮತ್ತೆ ಮುಂದಿನ ಚುಕ್ಕೆ. ನೋಡುವವರಿಗೆ ಬೇಜಾರಾಗುವಷ್ಟು ನಿಧಾನ. ಮಾಡುವವರಿಗೆ ಬೇಜಾರೇ ಇರಲಿಲ್ಲ.

ಟೋಪಿ ಪಟ್ಟಿಗಳನ್ನು ಪೂರ್ತಿ ಹೊಸದು ಮಾಡಿದೆವು. ಅವು ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ. ಈ ಸಲ ಕೆಳಗೆ ನೀರು ಇಳಿಯಲು ತೂತು ಬಿಟ್ಟಿದ್ದೇವೆ. ಒಳಗೆ ಮೇಣದ ಕೋಟಿಂಗ್ ಹೊಡೆಸಿದ್ದೇವೆ. ಇದನ್ನು ಪ್ರತಿ ವರ್ಷ ಮಳೆಗೆ ಮುಂಚೆ ಮತ್ತೆ ಹೊಡೆಸಬೇಕು.

ಸಣ್ಣ ಸಾಮಾನಿನ ತುಕ್ಕು ತೆಗೆಯಲು ನಾವು ಮಾಡಿದ್ದು ಕಾಕಂಬಿ ಸ್ನಾನ. ವಿಂಡ್‌ಶೀಲ್ಡಿನ ಕೀಲುಗಳು, ಬಾನೆಟ್ಟಿನ ಕೊಂಡಿಗಳು, ಬ್ರಾಕೆಟ್‌ಗಳು ಎಲ್ಲ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಹೋದವು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಕೆಲವು ವಾರ ಹಾಗೇ ಬಿಡಬೇಕು. ಕಾಕಂಬಿ ತುಕ್ಕನ್ನು ಮೆಲ್ಲಗೆ ಕರಗಿಸುತ್ತದೆ, ಒಳ್ಳೆ ಕಬ್ಬಿಣಕ್ಕೆ ಹೆಚ್ಚು ತೊಂದರೆ ಮಾಡುವುದಿಲ್ಲ. ಆಸಿಡ್ ಹಾಗಲ್ಲ. ವಾಸನೆ ಮಾತ್ರ ಜೋರು, ಮನೆಯಿಂದ ದೂರ ಇಡಿ. ಅಲ್ಯೂಮಿನಿಯಂ ಸಾಮಾನನ್ನು ಅದರಲ್ಲಿ ಹಾಕಲೇಬೇಡಿ, ತಿಂದುಹಾಕುತ್ತದೆ. ಹೊರಗೆ ತೆಗೆದ ಕೂಡಲೇ ತೊಳೆದು, ಒಣಗಿಸಿ, ಅವತ್ತೇ ಪ್ರೈಮರ್ ಹೊಡೆಯಬೇಕು. ನಮ್ಮ ಗಾಳಿಗೆ ಒಂದು ರಾತ್ರಿ ಬಿಟ್ಟರೂ ಕೆಂಪು ಪುಡಿ ಶುರುವಾಗುತ್ತದೆ.

ಹಳೆ ಗಾಡಿಗಳ ಅಂತರರಾಷ್ಟ್ರೀಯ ಸಂಘಟನೆ ಫಿವಾ. ಅವರ ಟ್ಯೂರಿನ್ ಸನ್ನದು ಅಂತ ಒಂದಿದೆ. ಬದಲಾವಣೆ ಮಾಡಲೇಬೇಕಾದರೆ ಮತ್ತೆ ಮೊದಲಿನ ಹಾಗೆ ಮಾಡಲು ಬರುವಂತಿರಲಿ, ತೆಗೆದ ಮುಖ್ಯ ಭಾಗಗಳನ್ನು ಗಾಡಿಯ ಜೊತೆಗೇ ಇಡಿ, ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗುರುತು ಸಿಗಲಿ ಅನ್ನುವುದು ಅದರ ಧೋರಣೆ. ಇದು ನಮ್ಮ ಕೆಲಸಕ್ಕೆ ಬಹಳ ಸಹಾಯವಾಯಿತು. ಪ್ರತಿ ಹೊಸ ತುಂಡಿನ ಒಳಮುಖದಲ್ಲಿ ಮೇಸ್ತ್ರಿ ಇಸವಿ ಪಂಚ್ ಮಾಡಿದ್ದಾರೆ. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು 1968ರದ್ದು, ಯಾವುದು ನಮ್ಮದು ಅಂತ ಗೊಂದಲ ಆಗಬಾರದು. ಪಂಪಿನ ಆ ನಾಲ್ಕು ತೂತುಗಳ ತಗಡು ಅದೃಷ್ಟಕ್ಕೆ ಗಟ್ಟಿಯಾಗಿತ್ತು. ಅದನ್ನು ಮುಚ್ಚಲಿಲ್ಲ. ರಬ್ಬರ್ ಬಿರಡೆ ಹಾಕಿದ್ದೇವೆ.

ಎಂಜಿನ್ ಬಗ್ಗೆ ಅಣ್ಣನ ಮಗನ ಜೊತೆ ಕೊನೆಯ ಸಲ ಮಾತಾಡಿದ್ದು ಬಾನೆಟ್ ಕೂರಿಸುವಾಗ. ಈ ಜೀಪಿನ ಬಾನೆಟ್ ಯಾಕೆ ಇಷ್ಟು ಎತ್ತರ ಅಂತ ಅವನಿಗೆ ತೋರಿಸಿದೆ. ಇದಕ್ಕಿಂತ ಹಿಂದಿನ ಎಂಜಿನ್‌ನಲ್ಲಿ ವಾಲ್ವುಗಳೆಲ್ಲ ಪಕ್ಕದಲ್ಲಿ, ಬ್ಲಾಕಿನಲ್ಲೇ ಇದ್ದವು. ಈ ಹರಿಕೇನ್ ಎಂಜಿನ್ನೂ ಅದೇ 2.2 ಲೀಟರ್. ಆದರೆ ಇನ್‌ಟೇಕ್ ವಾಲ್ವುಗಳು ಮೇಲೆ ಹೆಡ್‌ಗೆ ಬಂದವು. ಎಂಜಿನ್ ಎತ್ತರವಾಯಿತು, ಅದಕ್ಕೆ ಜಾಗ ಕೊಡಲು ಬಾನೆಟ್ ಎತ್ತರಿಸಿದರು. ಈ ಮೂತಿಗೆ ಕಾರಣವೇ ಆ ಎಂಜಿನ್. ಅದನ್ನು ತೆಗೆದು ಡೀಸೆಲ್ ಇಟ್ಟರೆ ಈ ಬಾನೆಟ್ ಯಾಕೆ ಹೀಗಿದೆ ಅಂತ ಹೇಳಲು ಒಳಗೆ ಏನೂ ಉಳಿಯುವುದಿಲ್ಲ. ಅವನು ಸ್ವಲ್ಪ ಹೊತ್ತು ಎಂಜಿನ್ ನೋಡುತ್ತ ನಿಂತ. "ಸರಿ ಅಪ್ಪಚ್ಚಿ. ಆದ್ರೆ ನಂಗೆ ನನ್ನ ಥರದ್ದೊಂದು ಜೀಪು ಬೇಕು," ಅಂದ. ಅದೂ ನ್ಯಾಯವೇ.

ಅವನಿಗೆ ಹಳಿಯಾಳ ಕಡೆ ಮಹೀಂದ್ರದ ಒಂದು ಎಂಎಂ540 ಜೀಪು ಸಿಕ್ಕಿದೆ. ಚಾಸಿಸ್, ಪೂಜೋ ಡೀಸೆಲ್ ಎಂಜಿನ್, ಕಾಗದ ಪತ್ರ ಎಲ್ಲ ಸರಿ ಇದೆ. ಬಾಡಿ ಮಾತ್ರ ಮುಟ್ಟಿದರೆ ಉದುರುತ್ತದೆ, ಉಳಿಸಲು ಏನೂ ಇಲ್ಲ. ಅದಕ್ಕೆ ಅದೇ ಅಳತೆಯ ಹೊಸ ಬಾಡಿ ತರಿಸಿದ್ದಾನೆ. ನಾನೇ ಜೊತೆಗೆ ಹೋಗಿ ಇಳಿಸಿಕೊಂಡು ಬಂದೆ. ಆರ್‌ಸಿಯಲ್ಲಿ ಇರುವ ಮಾದರಿ, ಇಂಧನ, ಸೀಟುಗಳ ಲೆಕ್ಕ ಬದಲಾಗದ ಹಾಗೆ ನೋಡಿಕೊಳ್ಳುತ್ತಿದ್ದೇವೆ. ಆ ಮಿತಿಯೊಳಗೆ ಸೀಟು, ಲೈಟು, ಡ್ಯಾಶ್‌ಬೋರ್ಡು ಹೇಗೆ ಬೇಕೋ ಹಾಗೆ ಮಾಡಿಕೊಳ್ಳಲಿ. ಹೊಸ ತಗಡಿಗೆ ತೂತು ಕೊರೆದರೆ ಯಾರ ನೆನಪೂ ಹೋಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನ ಮಾತಿಗೆ ನಾನು ತಲೆ ಬಾಗಿದ್ದೇನೆ. ಬ್ರೇಕು. ಈ ಜೀಪಿಗೆ ನಾಲ್ಕೂ ಕಡೆ 9 ಇಂಚಿನ ಡ್ರಮ್. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ, ಲೈನೂ ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಕುಮಟಾ ಶಿರಸಿ ಮಧ್ಯೆ ದೇವಿಮನೆ ಘಟ್ಟ ಇಳಿದವರಿಗೆ ಇದರ ಅರ್ಥ ಗೊತ್ತು. ಇಲ್ಲಿ ಮೂಲ ರೂಪ ಅಂತ ಹಟ ಹಿಡಿಯುವುದು ತಪ್ಪು, ಯಾಕೆಂದರೆ ಎದುರಿಗೆ ಬರುವವರ ಜೀವವೂ ಇದೆ. ಎರಡು ಪ್ರತ್ಯೇಕ ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸುತ್ತಿದ್ದೇವೆ. ಇದ್ದ ಬೋಲ್ಟಿನ ತೂತುಗಳಿಗೇ ಹಿಡಿಯುವ ಬ್ರಾಕೆಟ್ ಮಾಡಿಸಿದ್ದಾಗಿದೆ, ಚಾಸಿಸ್‌ಗೆ ಕತ್ತರಿ ಬಿದ್ದಿಲ್ಲ. ಹಳೆಯ ಸಿಲಿಂಡರ್‌ಗೆ ಎಣ್ಣೆ ಹಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇವೆ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬೇಕು ಅಂತ ಅವನು ಹೇಳುತ್ತಾನೆ. ಡ್ರಮ್ಮನ್ನೇ 11 ಇಂಚಿಗೆ ದೊಡ್ಡದು ಮಾಡಿದರೆ ಸಾಕು ಅಂತ ನಾನು. ಮೇಸ್ತ್ರಿ ಇನ್ನೂ ಯಾರ ಪರವೂ ಮಾತಾಡಿಲ್ಲ. ಈ ಸಲದ ಅಡಿಕೆ ಕೊಯ್ಲಿಗೆ ಜೀಪು ಊರಿಗೆ ಹೋಗಬೇಕು, ಅಷ್ಟರೊಳಗೆ ಇದು ತೀರ್ಮಾನ ಆಗಬೇಕು.